ಗೋಡೆ ದಾಟಿದ ಐದು ತಂತಿ

ಹೆಡ್‌ಸೆಟ್ಟಿನ ಪಟ್ಟಿ ಒತ್ತಿ ಒತ್ತಿ ಟೆಲಿಫೋನ್ ಆಪರೇಟರ್ ಅಕ್ಕೋರ ನಡುನೆತ್ತಿಯ ಮೇಲೆ ಕಿವಿಯಿಂದ ಕಿವಿಗೆ ಬೆರಳಗಲದ ಒಂದು ತಗ್ಗು ಬಿದ್ದಿತ್ತು. ತಲೆಗೆ ಎರೆದುಕೊಂಡರೂ ಹೋಗುತ್ತಿರಲಿಲ್ಲ, ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದರೂ ಹೋಗುತ್ತಿರಲಿಲ್ಲ. ಹೆಡ್‌ಸೆಟ್ ತೆಗೆದಿಟ್ಟು ಮದುವೆಮನೆಗೆ ಬಂದಾಗಲೂ ಅದನ್ನು ಹಾಕಿಕೊಂಡೇ ಬಂದಿದ್ದಾರೆ ಅನ್ನಿಸುತ್ತಿತ್ತು.

ಊರಿನ ಫೋನುಗಳನ್ನು ಒಂದು ಬೋರ್ಡಿನಿಂದ ಎರಡಕ್ಕೆ ಹಂಚಿದ ಆ ಭಾನುವಾರ ಚನ್ನಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು, ಬೋರ್ಡಿನ ಮುಂದೆ ಕೂತಿದ್ದ ಅವರ ಆ ತಗ್ಗನ್ನೇ ನೋಡುತ್ತ, ಏನೇನು ಕೆಡಬಹುದು ಎಂದು ನಾನು ಎಣಿಸುತ್ತಿದ್ದೆ. ಆಸ್ಪತ್ರೆಯ ತಂತಿ ಹೋಗಿ ಪೊಲೀಸ್ ಠಾಣೆಗೆ ಸೇರಿ, ಹೆಂಡತಿಗೆ ನೋವು ಶುರುವಾಗಿದೆ ಅಂದವನನ್ನು ಪೊಲೀಸರು ಠಾಣೆಗೆ ಬಾ ಅನ್ನಬಹುದು. ಮರುದಿನ ಅಡಿಕೆ ಮಂಡಿಯವರು ಧಾರಣೆ ವಿಚಾರಿಸುವ ಹೊತ್ತಿಗೆ ಎರಡು ಬೋರ್ಡುಗಳ ನಡುವಿನ ಐದೂ ತಂತಿ ಭರ್ತಿಯಾಗಿ ಊರು ಎರಡು ತುಂಡಾಗಬಹುದು. ಹೊಸ ಬೋರ್ಡಿನ ಬೆಸುಗೆ ಬಿಡಬಹುದು. ಬೆಂಗಳೂರಿನ ಕಂಪ್ಯೂಟರಿಗೆ ನಾನು ಲೆಕ್ಕ ಬರೆದು ಕೊಟ್ಟ ತೂತಿನ ಕಾರ್ಡುಗಳಲ್ಲಿ ಒಂದು ತಲೆಕೆಳಗಾಗಿದ್ದು, ಬಂದ ಉತ್ತರವೆಲ್ಲ ಯಾವುದೋ ಬೇರೆ ಲೋಕದ ಉತ್ತರವಾಗಿರಬಹುದು. ಮಳೆ ಬರಬಹುದು. ಬಾರದೆಯೂ ಇರಬಹುದು, ಬಾರದಿದ್ದರೆ ಏನು ಕೆಡುತ್ತದೆ ಎಂಬುದು ಹೊಳೆದಿರಲಿಲ್ಲ, ಆದರೂ ಪಟ್ಟಿಯಲ್ಲಿರಲಿ ಎಂದುಕೊಂಡೆ. ಕೊನೆಯದು ಎಲ್ಲಕ್ಕಿಂತ ದೊಡ್ಡದು: ಇದೆಲ್ಲ ಕೆಟ್ಟು, ಅವರಿಗೆ ವರ್ಗವಾಗಿ, ಹಾಸಿಗೆ ಹಿಡಿದ ತಾಯಿಯನ್ನು ಕಟ್ಟಿಕೊಂಡು ಅವರು ಇನ್ನೊಂದು ಊರಿಗೆ ಹೋಗಬೇಕಾಗಬಹುದು.

ಊರಿನವರು ಅವರನ್ನು ಎಕ್ಸ್‌ಚೇಂಜ್ ಅಕ್ಕೋರು ಎನ್ನುತ್ತಿದ್ದರು. ಹೆಸರು ಇದ್ದೇ ಇತ್ತು. ಯಾರಿಗೂ ಅದರ ಅಗತ್ಯ ಬೀಳುತ್ತಿರಲಿಲ್ಲ. ನಮ್ಮ ಮನೆಗೂ ಅವರ ಬಾಡಿಗೆ ಮನೆಗೂ ನಡುವೆ ಒಂದೇ ಗೋಡೆ. ಆಗಿನ ಟೆಲಿಫೋನಿನಲ್ಲಿ ನಂಬರು ಒತ್ತುವುದಾಗಲಿ ತಿರುಗಿಸುವುದಾಗಲಿ ಇರಲಿಲ್ಲ. ಮಗ್ಗುಲಿನ ಹಿಡಿಯನ್ನು ಗರಗರ ತಿರುಗಿಸಿದರೆ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ನಮ್ಮ ನಂಬರಿನ ಮೇಲಿನ ತಗಡಿನ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಅಕ್ಕೋರು ಹುರಿಯೊಂದನ್ನು ಆ ತೂತಿಗೆ ಚುಚ್ಚಿ "ಹೇಳ್ರಿ" ಅನ್ನುತ್ತಿದ್ದರು. ಯಾರು ಬೇಕೆಂದು ಹೇಳಿದರೆ ಹುರಿಯ ಇನ್ನೊಂದು ತುದಿಯನ್ನು ಬೇಕಾದವರ ತೂತಿಗೆ ಚುಚ್ಚುತ್ತಿದ್ದರು. ಚುಚ್ಚಿದ ಮರುಕ್ಷಣ ಹೆಬ್ಬೆರಳಿನಿಂದ ಒಂದು ಕೀಲಿ ಒತ್ತಿ, ಅವರ ಮಾತು ಕೇಳಿಸದಂತೆ, ತಮ್ಮ ಕಿವಿಯನ್ನು ಆಚೆಗೆ ತಂದುಬಿಡುತ್ತಿದ್ದರು. ಬಾಯಲ್ಲಿ ಯಾವಾಗಲೂ ಹುರಿಗಡಲೆ. ಮಂಡಕ್ಕಿ ಇಷ್ಟವಿದ್ದರೂ ಕೆಲಸದಲ್ಲಿ ತಿನ್ನುತ್ತಿರಲಿಲ್ಲ. ಅದರ ಸದ್ದು ಪರಊರಿನ ಟ್ರಂಕ್ ಕಾಲಿನ ಆಚೆ ತುದಿಗೂ ಕೇಳುತ್ತದಂತೆ.

ಅವರು ಬಿಳಿಚೋಡಿನವರು, ಕುರಿ ಕಾಯುವ ಮನೆತನ. ಮೊದಲು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಮೊದಲಿಗೆ, ಹೊನ್ನಾಳಿಯಲ್ಲಿ. ಅಲ್ಲಿ ದೊಡ್ಡ ಮನುಷ್ಯರೊಬ್ಬರು ಎಕ್ಸ್‌ಚೇಂಜಿಗೇ ಬಂದು, ತಮ್ಮ ಅಳಿಯ ಯಾರು ಯಾರಿಗೆ ಫೋನು ಮಾಡುತ್ತಾನೆ ಎಂದು ವಿಚಾರಿಸಿದರಂತೆ. "ನಾನಿಲ್ಲಿ ತಂತಿ ಹಾಕಾಕೆ ಕೂತಿರಾಕೇರಿ, ಹೇಳಾಕಲ್ಲ" ಎಂದರಂತೆ ಇವರು. ಹದಿನೈದು ದಿನದಲ್ಲಿ ಜಗಳೂರಿಗೆ ವರ್ಗ. ಜಗಳೂರು ಅವರ ತವರಿಗೆ ಹತ್ತಿರ, ಶಿಕ್ಷೆ ಅನುಕೂಲವಾಯಿತು. ಅದು ಗೊತ್ತಾದ ಮೇಲೆ ಚನ್ನಗಿರಿಗೆ ಹಾಕಿದರು ಎಂದು ಅವರೇ ನಗುತ್ತಿದ್ದರು. ನಗು ಅಷ್ಟಕ್ಕೇ. ಈಗ ತಾಯಿ ಹಾಸಿಗೆ ಹಿಡಿದಿದ್ದರು, ಗಂಡ ಬಸ್ಸಿನ ಕಂಡಕ್ಟರು, ಎರಡು ದಿನಕ್ಕೊಮ್ಮೆ ಮನೆಗೆ. ಇನ್ನೊಂದು ವರ್ಗವನ್ನು ತಡೆದುಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವನು, ಎಂಬತ್ತರ ದಶಕದ ನಡುವಿನಲ್ಲಿ ರಜೆ ಹಾಕಿ ಬೆಂಗಳೂರಿನಲ್ಲಿ ಎಂ.ಇ. ಓದುತ್ತಿದ್ದೆ. ನನ್ನ ಪ್ರಾಜೆಕ್ಟು ಹೀಗೆ: ಕಂಪ್ಯೂಟರಿನ ಒಂದು ಚಿಪ್‌ನಲ್ಲಿ ಸಾವಿರಾರು ಸಣ್ಣ ಸಣ್ಣ ಭಾಗಗಳು, ಅವುಗಳ ನಡುವೆ ತಂತಿಗಳು. ಎಲ್ಲವನ್ನೂ ಒಂದೇ ಕಡೆ ಹಿಡಿಸಲಾಗದು. ಸರಿಸಮ ಎರಡು ಪಾಲು ಮಾಡಬೇಕು, ಆದರೆ ಪಾಲಿನಿಂದ ಪಾಲಿಗೆ ದಾಟುವ ತಂತಿಗಳು ಆದಷ್ಟು ಕಡಿಮೆ ಇರಬೇಕು. ಹೇಳಲು ಸುಲಭ. ಇದನ್ನು ಮಾಡುವ ಮೂರು ವಿಧಾನಗಳನ್ನು ಕಂಪ್ಯೂಟರಿಗೆ ಬರೆದು, ಯಾವುದು ಮೇಲು ಎಂದು ಹೋಲಿಸಬೇಕಿತ್ತು. ಮೊದಲನೆಯದು ಬರೀ ಲಾಟರಿ: ಕಣ್ಣುಮುಚ್ಚಿ ಹಂಚು, ನೂರು ಸಲ ಹಂಚು, ಚೆನ್ನಾಗಿ ಬಂದದ್ದನ್ನು ಇಟ್ಟುಕೋ. ಎರಡನೆಯದರಲ್ಲಿ ಆ ಕಡೆಯದೊಂದು, ಈ ಕಡೆಯದೊಂದು ಅದಲುಬದಲು ಮಾಡುತ್ತ ಹೋಗುವುದು. ಮೂರನೆಯದರಲ್ಲಿ ಜೋಡಿಯ ಬದಲು ಒಂದೊಂದನ್ನೇ ದಾಟಿಸುವುದು.

ನನ್ನ ಹೋಲಿಕೆಯಲ್ಲಿ ಲಾಟರಿ ಗೆದ್ದಿತು. ಎರಡನೆಯದೂ ಮೂರನೆಯದೂ ಅದರ ಕಾಲಿನ ಹತ್ತಿರಕ್ಕೂ ಬರಲಿಲ್ಲ. ಪ್ರಾಜೆಕ್ಟಿನ ಗೈಡಾಗಿದ್ದ ಪ್ರೊಫೆಸರು ಉತ್ತರದ ಕಾಗದವನ್ನು ಎರಡು ಸಲ ನೋಡಿ, ಯೋಚನೆ ಮಾಡಿ ಮಾಡಿದ ಕೆಲಸ ಯೋಚನೆ ಮಾಡದೆ ಮಾಡಿದ್ದಕ್ಕಿಂತ ಕೆಟ್ಟದಾಗಿ ಬಂದಿದ್ದರೆ ದೋಷ ವಿಧಾನದ್ದಲ್ಲ, ಬರೆದವನದ್ದು ಎಂದರು. ಪ್ರೋಗ್ರಾಮಿನ ಕಾರ್ಡುಗಳ ಕಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ಚೀಲದಲ್ಲಿಟ್ಟುಕೊಂಡು ಊರಿಗೆ ಬಂದೆ. ಬಸ್ಸಿನಲ್ಲಿ ಕಾರ್ಡುಗಳು ಚೆಲ್ಲಿಹೋದರೆ ಎಂಬ ಹೆದರಿಕೆಗೆ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಚೆಲ್ಲಿದ್ದರೆ ಪ್ರೋಗ್ರಾಮು ಸುಧಾರಿಸುತ್ತಿತ್ತೇನೋ.

ಊರಿಗೆ ಬಂದು ನೋಡಿದರೆ ಅಕ್ಕೋರ ಮನೆಯ ಜಗುಲಿಯ ಮೇಲೆ ಎರಡು ಮೊರ, ಎರಡರಲ್ಲೂ ಚೀಟಿಗಳು. ಟ್ರಂಕ್ ಕಾಲ್ ಬರೆದಿಡುವ ಹಳೆಯ ಟಿಕೆಟುಗಳ ಹಿಂಬದಿಯನ್ನು ಕತ್ತರಿಸಿ ಮಾಡಿದ ಚೀಟಿಗಳು, ಒಂದೊಂದರ ಮೇಲೆ ಒಂದೊಂದು ನಂಬರು. ಕೆಲವಕ್ಕೆ ಕುಂಕುಮದ ಬೊಟ್ಟು ಇತ್ತು. ನಾನು ಮಾಟ ಎಂದುಕೊಂಡೆ. ಕೇಳಲು ಧೈರ್ಯವಾಗದೆ ನಮ್ಮವ್ವನನ್ನು ಕೇಳಿದೆ. ಅವಳು ನಕ್ಕು, ಹೋಗಿ ಅವರನ್ನೇ ಕೇಳು ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು.

ಮಾಟವಲ್ಲ. ಎಕ್ಸ್‌ಚೇಂಜಿಗೆ ಎರಡನೆಯ ಬೋರ್ಡು ಬರುವುದಿತ್ತು. ಹಳೆಯ ಕೋಣೆಯಲ್ಲಿ ಜಾಗವಿಲ್ಲ, ಹೊಸದನ್ನು ಗೋಡೆಯ ಆಚೆಯ ಕೋಣೆಯಲ್ಲಿ ಕೂರಿಸುತ್ತಿದ್ದರು. ಹಳೆಯ ನೂರು ಫೋನು, ಹೊಸ ಇಪ್ಪತ್ತು. ಈ ಬೋರ್ಡಿಗೆ ಅರವತ್ತು, ಆ ಬೋರ್ಡಿಗೆ ಅರವತ್ತು. ಒಂದೇ ಬೋರ್ಡಿನ ಇಬ್ಬರು ಮಾತಾಡಿದರೆ ತಾಪತ್ರಯವಿಲ್ಲ. ಈ ಬೋರ್ಡಿನವರು ಆ ಬೋರ್ಡಿನವರನ್ನು ಕೇಳಿದರೆ ಗೋಡೆಯ ತೂತಿನಲ್ಲಿ ಹಾದುಹೋಗುವ ತಂತಿಯ ಮೂಲಕವೇ ಕೊಡಬೇಕು. ಅಂಥ ತಂತಿ ಐದೇ ಐದು. ಐದೂ ಹಿಡಿದರೆ ಆರನೆಯವನು ಕಾಯಬೇಕು, ಕಾದವನು ದೂರು ಬರೆಯುತ್ತಾನೆ.

ಮೇಲಿನ ಆಫೀಸಿನ ಆದೇಶ ಸರಳವಾಗಿತ್ತು: ಮೊದಲ ಅರವತ್ತು ನಂಬರು ಇಲ್ಲಿ, ಉಳಿದದ್ದು ಅಲ್ಲಿ. ಅಕ್ಕೋರು ಒಪ್ಪಲಿಲ್ಲ. ಯಾರು ಯಾರನ್ನು ಕೇಳುತ್ತಾರೆ ಎಂದು ನೋಡದೆ ಹಂಚಿದರೆ ಊರು ಕಿರುಚಾಡುತ್ತದೆ, ಪಟ್ಟಿ ತಾನು ಮಾಡುತ್ತೇನೆ ಎಂದರು. ಎಕ್ಸ್‌ಚೇಂಜಿನ ಮೇಲ್ವಿಚಾರಣೆ ನೋಡುತ್ತಿದ್ದ ಜೆ.ಇ. ಒಳ್ಳೆಯ ಮನುಷ್ಯ, ಆದರೆ ಕಾಗದದ ಮನುಷ್ಯ. ಹಾಗಾದರೆ ಬರೆದು ಸಹಿ ಹಾಕಿಕೊಡಿ, ದೂರು ಹೆಚ್ಚಿದರೆ ಅದು ನಿಮ್ಮ ಮೇಲೆ, ನಾನು ಮೇಲಕ್ಕೆ ಹಾಗೇ ಬರೆಯಬೇಕಾಗುತ್ತದೆ ಎಂದರು. ಮೇಲಕ್ಕೆ ಬರೆದರೆ ಮತ್ತೆ ವರ್ಗವೇ ಎಂದು ಗೊತ್ತಿದ್ದೂ ಇವರು ಸಹಿ ಹಾಕಿದ್ದರು.

ಎರಡು ವಾರ ಕೂತು ಯಾವ ನಂಬರಿನಿಂದ ಯಾವ ನಂಬರಿಗೆ ಎಷ್ಟು ಕರೆ ಎಂದು ಗೀಟು ಹಾಕಿದ್ದರು, ಇನ್ನೂ ಬಾರದ ಹೊಸ ಇಪ್ಪತ್ತಕ್ಕೆ ಅಂದಾಜಿನ ಗೀಟು. ಮೊರಕ್ಕೊಂದು ಬೋರ್ಡು. ಈಗ ದಿನಕ್ಕೆ ಒಂದಷ್ಟು ಜೋಡಿ ಚೀಟಿ, ಈ ಮೊರದ್ದು ಆ ಮೊರಕ್ಕೆ, ಆ ಮೊರದ್ದು ಈ ಮೊರಕ್ಕೆ. ನನ್ನ ಎರಡನೆಯ ವಿಧಾನ ಜಗುಲಿಯ ಮೇಲೆ ಬಿದ್ದಿತ್ತು.

ಬೊಟ್ಟು ಯಾಕೆ ಎಂದು ಕೇಳಿದೆ.

"ದಾಟಿದ್ದಕ್ಕೆ ಬೊಟ್ಟು. ಒಂದು ಸುತ್ತು ಮುಗಿಯಾತನಕ ಅದನ್ನ ಮತ್ತೆ ಮುಟ್ಟಂಗಿಲ್ಲ" ಅಂದರು. "ನಮ್ಮಪ್ಪ ಕುರಿಗೆ ಕೆಮ್ಮಣ್ಣು ಬಳೀತಿದ್ದ."

ಆಮೇಲೆ ಮಜ್ಜಿಗೆ ಕುಡಿಯುತ್ತ ಅದರ ಕತೆ ಹೇಳಿದರು. ಬೇಸಿಗೆಗೆ ಬಿಳಿಚೋಡಿನ ಕಡೆ ಮೇವು ಮುಗಿದಾಗ ಅವರಪ್ಪನೂ ಚಿಕ್ಕಪ್ಪನೂ ಮಂದೆಯನ್ನು ಎರಡು ಮಾಡಿ, ಒಂದನ್ನು ಹೊನ್ನಾಳಿಯ ಗದ್ದೆಗಳಿಗೂ ಇನ್ನೊಂದನ್ನು ನ್ಯಾಮತಿಯ ಕಡೆಗೂ ಹೊಡೆದುಕೊಂಡು ಹೋಗುತ್ತಿದ್ದರಂತೆ, ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸಲು. ಎರಡು ಕಡೆಯವರೂ ಅಷ್ಟಷ್ಟೇ ಕುರಿ ಕೇಳುತ್ತಾರೆ, ಲೆಕ್ಕ ಸಮ ಇರಬೇಕು. ಹೇಗೆಂದರೆ ಹಾಗೆ ಹಂಚಿದರೆ ತಾಯಿ ಒಂದು ಕಡೆ, ಮರಿ ಒಂದು ಕಡೆ, ಜೊತೆಗೇ ಮೇಯುವ ಕುರಿಗಳು ಬೇರೆ ಬೇರೆ. ದಾರಿಯುದ್ದಕ್ಕೂ ಕೂಗು, ಮೇವು ಮುಟ್ಟುವುದಿಲ್ಲ. ಅದಕ್ಕೆ ಹೊರಡುವ ಮೊದಲು ಎರಡು ರೊಪ್ಪದಲ್ಲಿ, ಬೇಲಿಯ ದೊಡ್ಡಿಯಲ್ಲಿ, ಕೂಡಿಹಾಕಿ, ಒಂದಕ್ಕೊಂದು ಬದಲಿಸುತ್ತ, ಅಪ್ಪ ಕಣ್ಣು ಮುಚ್ಚಿ ಕೂಗು ಕೇಳುತ್ತಿದ್ದನಂತೆ.

ಬದಲಿಸಿದಾಗ ಕೂಗು ಹೆಚ್ಚಾದರೆ ಏನು ಮಾಡುತ್ತಿದ್ದರು ಎಂದು ಕೇಳಿದೆ. ನಾನಾದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ನಿಲ್ಲಿಸಿಯೂ ಇದ್ದೆ.

"ಕೂಗ್ಲಿ ಬಿಡು" ಅಂದರು ಅಕ್ಕೋರು. "ತಾಯೀನ ದಾಟಿಸಿದ್ರೆ ಮರಿ ಕೂಗೇ ಕೂಗ್ತೈತೆ. ಅದಕ್ಕೆ ಹೆದರ್ಕಂಡು ತಾಯೀನ ವಾಪಸ್ ಬಿಟ್ರೆ ನಿಂತಲ್ಲೇ ನಿಂತಿರ್ತೀಯ. ಮುಂದಿನ ಸರ್ತಿ ಮರೀನೂ ದಾಟ್ತೈತೆ, ಆಗ ಎರಡೂ ಸುಮ್ನಾಗ್ತಾವೆ. ಎಲ್ಲಾ ದಾಟಿಸಿ ಮುಗಿಸ್ಬೇಕು ತಮ್ಮ. ಆಮೇಲೆ ಎಷ್ಟನೇದ್ರಾಗೆ ಕೂಗು ಕಮ್ಮಿ ಇತ್ತು ಅಂತ ನೆನಪು ಮಾಡ್ಕಂಡು, ಅಲ್ಲಿಗೆ ಹಿಂದಕ್ಕೆ ಬರಬೇಕು."

ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ. ವಿಧಾನ ಬರೆದವರೂ ಅದನ್ನೇ ಹೇಳಿದ್ದರು. ನಾನು ಓದಿಯೂ ಇದ್ದೆ. ಆದರೆ ಕಾರ್ಡು ಪಂಚ್ ಮಾಡುವಾಗ ನನ್ನ ಸ್ವಭಾವ ಸುಮ್ಮನಿರಲಿಲ್ಲ. ಅದಲುಬದಲಿನಿಂದ ದಾಟುವ ತಂತಿ ಒಂದೇ ಒಂದು ಹೆಚ್ಚಾದರೂ ಅಲ್ಲಿಗೇ ನಿಲ್ಲು ಎಂದು, ಕಂಪ್ಯೂಟರಿನ ಸಮಯ ಉಳಿಸುವ ನೆಪದಲ್ಲಿ, ಒಂದು ಹೆಚ್ಚಿನ ಕಾರ್ಡು ಸೇರಿಸಿದ್ದೆ. ಎರಡನೆಯದಕ್ಕೂ ಸೇರಿಸಿದ್ದೆ, ಮೂರನೆಯದಕ್ಕೂ ಸೇರಿಸಿದ್ದೆ. ಪಾಪ, ಯಂತ್ರ ನಾನು ಹೆದರಿದಷ್ಟೇ ಹೆದರಿತು.

ಇದನ್ನು ಅವರಿಗೆ ಹೇಳಿದಾಗ ಬಹಳ ಹೊತ್ತು ನಕ್ಕರು. "ನಿನ್ನ ತಲೆಯಾಗೆ ಎಲ್ಲಾ ಮುಚ್ಚಳಾನೂ ಒಟ್ಟಿಗೇ ಬೀಳ್ತಾವೆ ಕಣಪ್ಪ" ಅಂದರು. "ಒಂದೊಂದೇ ಎತ್ತಬೇಕು."

ಬೆಂಗಳೂರಿಗೆ ಹೊರಡುವ ಮುನ್ನ ಅವರ ಗೀಟುಗಳ ಪುಸ್ತಕ ಕೇಳಿದೆ. ನನಗೆ ಪರೀಕ್ಷೆಗೆ ಒಂದು ನಿಜವಾದ ಲೆಕ್ಕ ಸಿಗುತ್ತದೆ, ಅವರಿಗೆ ಕಂಪ್ಯೂಟರಿನ ಪಟ್ಟಿ ಸಿಗುತ್ತದೆ. ತಕ್ಷಣ ಇಲ್ಲ ಎಂದರು. ಯಾರು ಯಾರಿಗೆ ಮಾತಾಡಿದರು ಎನ್ನುವುದು ಹೊನ್ನಾಳಿಯಲ್ಲಿ ಹೇಳಲಾರದ್ದು ಚನ್ನಗಿರಿಯಲ್ಲಿ ಹೇಳಲು ಬರುತ್ತದೆಯೇ? ಮಾರನೆಯ ದಿನ ತಾವಾಗಿ ಬಂದು ಒಂದು ನೋಟ್‌ಬುಕ್ ಕೊಟ್ಟರು. ಎಲ್ಲ ನಂಬರನ್ನೂ ಬದಲಿಸಿ, ಒಂದರಿಂದ ನೂರಿಪ್ಪತ್ತರವರೆಗೆ ತಮ್ಮದೇ ಹೊಸ ನಂಬರು ಹಾಕಿ ಬರೆದಿದ್ದರು. ಯಾವುದು ಯಾರು ಎಂಬುದು ಅವರ ತಲೆಯಲ್ಲಿ ಮಾತ್ರ. ನಾನು ಬಸ್ಸಿನಲ್ಲಿ ಕೂತು, ಅತಿ ಹೆಚ್ಚು ಗೀಟು ಬಿದ್ದದ್ದು ಡಾಕ್ಟರೋ ಮಂಡಿಯೋ ಎಂದು ಊಹಿಸತೊಡಗಿದಾಗ ನೋಟ್‌ಬುಕ್ಕಿನ ಕೊನೆಯ ಹಾಳೆ ಕಣ್ಣಿಗೆ ಬಿತ್ತು. ಅಲ್ಲಿ ಪೆನ್ಸಿಲಿನಲ್ಲಿ, ಹುಡುಕಬ್ಯಾಡ, ಎಂದಿತ್ತು.

ಹೆಚ್ಚಿನ ಕಾರ್ಡುಗಳನ್ನು ಕಿತ್ತು ಹಾಕಿದೆ. ಅದಲುಬದಲು ಲಾಟರಿಯನ್ನು ಸೋಲಿಸಿತು. ಮೂರನೆಯದು ಎರಡನೆಯದರಷ್ಟೇ ಒಳ್ಳೆಯ ಉತ್ತರವನ್ನು ಬಹಳ ಬೇಗ ಕೊಟ್ಟಿತು. ಗೈಡು ತಲೆಯಾಡಿಸಿದರು, ಏನು ಬದಲಿಸಿದಿರಿ ಎಂದು ಕೇಳಿದರು. ಕುರಿಗಳ ವಿಷಯ ಹೇಳಲಿಲ್ಲ. ಅಕ್ಕೋರ ಲೆಕ್ಕವನ್ನು ಓಡಿಸಿದರೆ, ಮೊರದ ಪಟ್ಟಿಗಿಂತ ಗೋಡೆ ದಾಟುವ ಕರೆಗಳು ಹದಿನೇಳು ಕಡಿಮೆ ಇರುವ ಪಟ್ಟಿ ಬಂತು. ಅದನ್ನು ಹಿಡಿದು ಊರಿಗೆ ಬಂದಾಗ ನಾನು ಸ್ವಲ್ಪ ಎದೆಯುಬ್ಬಿಸಿಯೇ ನಡೆದಿರಬೇಕು.

ಅಕ್ಕೋರು ಕನ್ನಡಕ ಹಾಕಿಕೊಂಡು ಪಟ್ಟಿಯ ಮೇಲೆ ಬೆರಳು ಓಡಿಸಿದರು. ಬಹಳ ಚೆನ್ನಾಗೈತೆ, ತನಗೆ ಇದು ಹೊಳೆಯುತ್ತಿರಲಿಲ್ಲ ಎಂದು ಎರಡು ಮೂರು ಕಡೆ ನಿಂತು ಹೇಳಿದರು. ಆಮೇಲೆ ಮೂರು ಜೋಡಿಗಳನ್ನು ಮಾತ್ರ ಹಿಂದಕ್ಕೆ ಬದಲಿಸಿದರು. ನನ್ನ ಹದಿನೇಳು ಒಂಬತ್ತಾಯಿತು. ಯಾಕೆ ಎಂದೆ, ಸ್ವಲ್ಪ ನೊಂದುಕೊಂಡೇ.

"ನಿನ್ನ ಯಂತ್ರ ಎಷ್ಟು ಸರ್ತಿ ಅಂತ ಎಣಿಸೈತೆ. ಯಾವಾಗ ಅಂತ ಎಣಿಸಿಲ್ಲ" ಅಂದರು. "ಇವೆಲ್ಲಾ ಬೆಳಿಗ್ಗೆ ಹತ್ತಕ್ಕೇ ಏಳ್ತಾವೆ. ಹತ್ತಕ್ಕೆ ಸಾಲ್ದೆ ಆಮೇಲೆ ದಿನಪೂರ್ತಿ ತಂತಿ ಖಾಲಿ ಬಿದ್ದಿದ್ರೆ ನಂಗೇನು ಬಂತು?"

ಗೀಟಿನಲ್ಲಿ ಹೊತ್ತು ಬರೆದಿರಲಿಲ್ಲವಲ್ಲ ಎಂದೆ. ತಾನು ಅಲ್ಲೇ ಕೂತಿರುವಾಗ ಬರೆಯುವುದೇಕೆ ಎಂದರು. ಹೀಗೆ ಅರ್ಧ ಮೊರದ್ದು, ಅರ್ಧ ಕಂಪ್ಯೂಟರಿನದು ಆದ ಒಂದು ಪಟ್ಟಿ ಸಿದ್ಧವಾಯಿತು. ಅದರ ಕೆಳಗೆ ಸಹಿ ಅವರೊಬ್ಬರದೇ.

ಅದಕ್ಕೇ ಆ ಭಾನುವಾರ ನಾನು ಬಾಗಿಲಲ್ಲಿ ನಿಂತದ್ದು. ಲೈನ್‌ಮನ್‌ಗಳು ಬೆಳಗಿನಿಂದ ತಂತಿ ಬದಲಿಸುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಜೆ.ಇ. ಗಡಿಯಾರ ನೋಡಿ ಕೈ ಎತ್ತಿದರು. ಮೊದಲ ಮುಚ್ಚಳ ಬಿತ್ತು. ಅಕ್ಕೋರು ಹುರಿ ಚುಚ್ಚಿ "ಹೇಳ್ರಿ" ಅಂದರು. ಬಸವಾಪಟ್ಟಣಕ್ಕೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಬಸ್ ಸ್ಟ್ಯಾಂಡಿಗೆ ಕೇಳಬೇಕಾಗಿತ್ತು ಯಾರಿಗೋ. ಕೊಟ್ಟರು. ಆಸ್ಪತ್ರೆಯ ತಂತಿ ಆಸ್ಪತ್ರೆಗೇ ಹೋಯಿತು. ಬೆಸುಗೆ ನಿಂತಿತು. ಮಳೆ ಬರಲಿಲ್ಲ, ಅದರಿಂದ ಏನೂ ಆಗಲೂ ಇಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಮತ್ತೆ ಹೋಗಿ ನಿಂತೆ. ಮಂಡಿಯವರೆಲ್ಲ ಒಟ್ಟಿಗೆ ಎದ್ದರು, ಮುಚ್ಚಳಗಳು ಆಲಿಕಲ್ಲಿನ ಹಾಗೆ ಬಿದ್ದವು, ಗೋಡೆಯ ತಂತಿ ಸಾಲದೆ ಒಬ್ಬರೂ ಕಾಯಲಿಲ್ಲ. ತಿಂಗಳ ಕೊನೆಗೆ ದೂರಿನ ಪುಸ್ತಕದಲ್ಲಿ ಇದ್ದದ್ದು ಒಂದೇ, ಅದೂ ಬಿಲ್ಲಿನ ಬಗ್ಗೆ. ವರ್ಗದ ಮಾತು ಮತ್ತೆ ಏಳಲಿಲ್ಲ. ಅವರ ತಾಯಿ ಮುಂದೆ ನಮ್ಮ ಗೋಡೆಯ ಆಚೆಯಲ್ಲೇ, ಅದೇ ಮನೆಯಲ್ಲಿ, ಮಗಳ ಕೈಯ ನೀರು ಕುಡಿದು ಹೋದರು.

ನನಗೆ ಡಿಗ್ರಿ ಬಂತು. ಆಮೇಲೆ ಊರಿಗೆ ಆಟೊಮ್ಯಾಟಿಕ್ ಎಕ್ಸ್‌ಚೇಂಜು ಬಂತು, ಬೋರ್ಡುಗಳು ಗುಜರಿಗೆ ಹೋದವು. ಅಕ್ಕೋರು ಕೆಲವು ವರ್ಷ ಬೇರೆ ಮೇಜಿನಲ್ಲಿ ಕೂತು, ನಿವೃತ್ತಿಯಾಗಿ ಬಿಳಿಚೋಡಿಗೆ ಹೋದರು. ಹೋದ ವರ್ಷ ತೀರಿಕೊಂಡರು. ನನಗೆ ಗೊತ್ತಾದದ್ದು ಹನ್ನೊಂದನೆಯ ದಿನ ಕಳೆದ ಮೇಲೆ. ಎಷ್ಟೆಲ್ಲ ಕೆಡುಕನ್ನು ಮುಂಚಿತವಾಗಿ ಯೋಚಿಸಿಟ್ಟುಕೊಳ್ಳುವ ನನಗೆ ಅದು ಹೊಳೆದಿರಲೇ ಇಲ್ಲ. ಇವತ್ತಿಗೂ ನಾನು ಪಾಠದಲ್ಲಿ ಆ ಎರಡನೆಯ ವಿಧಾನ ಹೇಳುವಾಗ, ಕೂಗು ಹೆಚ್ಚಾದರೆ ಹೆದರಬೇಡಿ ಎನ್ನುತ್ತೇನೆ. ವಿದ್ಯಾರ್ಥಿಗಳು ಹಾಗೇ ಬರೆದುಕೊಳ್ಳುತ್ತಾರೆ. ಏನು ಕೂಗು ಎಂದು ಈವರೆಗೆ ಒಬ್ಬರೂ ಕೇಳಿಲ್ಲ.

ಒಂದು ಹೇಳುವುದು ಉಳಿದಿದೆ. ಬೋರ್ಡು ಎರಡಾದ ಮೇಲೆ ಆಚೆಯ ಕೋಣೆಗೆ ಹೋದದ್ದು ಉಬ್ರಾಣಿ ಕಡೆಯ ಕಿರಿಯ ಆಪರೇಟರು. ಅದಕ್ಕೆ ಮುಂಚೆ ಎಂಟು ವರ್ಷ ಆಕೆ ಅಕ್ಕೋರ ಮಗ್ಗುಲಲ್ಲೇ, ಮೊಣಕಾಲಿಗೆ ಮೊಣಕಾಲು ತಾಗುವಂತೆ, ಟ್ರಂಕ್ ಬುಕಿಂಗ್ ಮೇಜಿನಲ್ಲಿ ಕೂತಿದ್ದವಳು. ಇಬ್ಬರ ನಡುವೆ ಒಂದೇ ಹುರಿಗಡಲೆ ಡಬ್ಬಿ ಇರುತ್ತಿತ್ತು. ಹತ್ತು ದಿನದ ಮೇಲೆ ಜೆ.ಇ. ಗಮನಿಸಿದರು, ಗೋಡೆಯ ಐದು ತಂತಿಯಲ್ಲಿ ಕೊನೆಯದು ಬೆಳಗಿನಿಂದ ಸಂಜೆಯವರೆಗೆ ಬಿಡುವೇ ಆಗುವುದಿಲ್ಲ. ಎಲ್ಲೋ ತಂತಿ ಕೂಡಿಕೊಂಡಿದೆ ಎಂದುಕೊಂಡು ಹೆಡ್‌ಸೆಟ್ ಹಾಕಿಕೊಂಡರು. ನಾನೂ ಅಲ್ಲೇ ಇದ್ದೆ.

ಒಳಗೆ ಏನೂ ಕೇಳಿಸಲಿಲ್ಲವಂತೆ. ಸ್ವಲ್ಪ ಹೊತ್ತಿಗೆ ಆಚೆಯ ಕೋಣೆಯಿಂದ, "ಅಕ್ಕ, ನಲ್ಲೀಗೆ ನೀರು ಬಂತಾ?" ಅಂದಿತು ಒಂದು ದನಿ. ಮತ್ತೆ ಏನೂ ಇಲ್ಲ. ಬರೀ ಹುರಿಗಡಲೆ ಕಡಿಯುವ ಸದ್ದು. ಅಕ್ಕೋರೂ ಆಕೆಯೂ ಬೆಳಿಗ್ಗೆ ಬಂದ ಕೂಡಲೇ ಆ ತಂತಿ ಚುಚ್ಚಿ ಹಾಗೇ ಬಿಡುತ್ತಿದ್ದರು, ಸಂಜೆ ಮನೆಗೆ ಹೊರಡುವಾಗ ಕೀಳುತ್ತಿದ್ದರು.

"ನೂರಿಪ್ಪತ್ತು ಜನಾನ್ನ ಎಣಿಸಿದ್ವಿ ನೋಡು ತಮ್ಮ" ಎಂದು ಅಕ್ಕೋರು ನನ್ನ ಕಡೆ ತಿರುಗಿದರು, ಸ್ವಲ್ಪ ನಾಚಿಕೊಂಡು. "ನಮ್ಮಿಬ್ರನ್ನ ಯಾವ ಮೊರಕ್ಕೂ ಹಾಕ್ಲೇ ಇಲ್ಲ."

ಜೆ.ಇ. ಹೆಡ್‌ಸೆಟ್ಟನ್ನು ಮೆಲ್ಲಗೆ ತೆಗೆದಿಟ್ಟು, ಏನನ್ನೂ ಬರೆಯದೆ ಎದ್ದು ಹೋದರು. ಏನೇನು ಕೆಡಬಹುದೆಂಬ ನನ್ನ ಪಟ್ಟಿಯಲ್ಲಿ ಇರದೆ ಕೆಟ್ಟದ್ದು ಅದೊಂದೇ. ಐದು ತಂತಿ ಎಂದು ಲೆಕ್ಕ ಹಾಕಿದ್ದೆವು, ಊರಿಗೆ ಸಿಕ್ಕಿದ್ದು ನಾಲ್ಕು.